ಅರವತ್ತೆರಡು ಡಿಗ್ರಿ

ನೆಂಟರೆಲ್ಲ ಮರಳಿ ಹೋದ ಮೇಲಿನ ಮೊದಲ ಬೆಳಿಗ್ಗೆ ಅತ್ತೆ ಮೂರು ಲೋಟಕ್ಕೆ ಚಹಾ ಸೋಸಿದರು.

ಮೂರನೆಯ ಲೋಟವನ್ನು ಅತ್ತೆ, ಸೊಸೆ ಇಬ್ಬರೂ ನೋಡಿದರು. ಅತ್ತೆ ತಮ್ಮ ಚಹಾ ಕುಡಿದರು. ಆಮೇಲೆ ಅದನ್ನೂ ಕುಡಿದರು.

“ಚೆಲ್ಲೋಕೆ ಕೈ ಬರಲಿಲ್ಲ,” ಎಂದರು.

ಅವಳು ತಲೆಯಾಡಿಸಿದಳು. ಗಂಡ ತೀರಿಕೊಂಡು ಐದು ದಿನವಾಗಿತ್ತು. ಬಂದವರೆಲ್ಲ “ಅತ್ತುಬಿಡಮ್ಮಾ, ಹಗುರಾಗ್ತೀಯ” ಎಂದಿದ್ದರು. ಭಾರವಿದ್ದರೆ ತಾನೇ ಹಗುರಾಗುವುದು... ಅವಳೊಳಗೆ ಏನೂ ಇರಲಿಲ್ಲ.

ಗಡಿಯಾರ ಏಳು ತೋರಿಸುತ್ತಿತ್ತು.

ಈ ಮನೆಯಲ್ಲಿ ಏಳು ಗಂಟೆಗೆ ನಡೆಯುವ ಕೆಲಸ ಒಂದೇ. ಅವಳ ಗಂಡ ಹಿತ್ತಲಲ್ಲಿ ಕೊಳೆಯುತ್ತ ಬಿಸಿಯೇರುವ ಗೊಬ್ಬರದ ರಾಶಿಗೆ ಮೊಳದುದ್ದದ ಥರ್ಮಾಮೀಟರ್ ಚುಚ್ಚಿ, ಮುಳ್ಳು ನಿಲ್ಲುವವರೆಗೆ ಕಾದು, ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದ. “ಅರವತ್ತೆರಡು!” ಒಳಗಿನಿಂದ ಅತ್ತೆ ಕೂಗುತ್ತಿದ್ದರು, “ಜ್ವರ ಏರಿದೆ, ಡಾಕ್ಟರನ್ನ ಕರೆಸೋ!” ದಿನವೂ ಅದೇ ಮಾತು. ದಿನವೂ ಇಬ್ಬರೂ ನಗುತ್ತಿದ್ದರು.

ಅವಳು ಬೂಟು ಮೆಟ್ಟಿ ಹಿತ್ತಲಿಗೆ ನಡೆದಳು. ಯಾಕೆಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಏಳು ಗಂಟೆ, ಅಷ್ಟೇ.

ಥರ್ಮಾಮೀಟರ್ ರಾಶಿಯಲ್ಲೇ ನಿಂತಿತ್ತು, ಅವನು ಚುಚ್ಚಿಟ್ಟ ಹಾಗೆಯೇ. ಅದರ ಕೊರಳಿಗೆ ಕಟ್ಟಿದ್ದ ಕೆಂಪು ದಾರ ಬಿಸಿಲಿಗೆ ಬಣ್ಣಗೆಟ್ಟಿತ್ತು. ಅವಳು ಬಗ್ಗಿ ಮುಳ್ಳನ್ನು ನೋಡಿದಳು.

ಐವತ್ತೆಂಟು!

ಆಸ್ಪತ್ರೆಯ ಬಾಗಿಲು ತಲುಪುವ ಮುನ್ನವೇ ಅವನು ತಣ್ಣಗಾಗಿದ್ದ. ಅವನು ಕಟ್ಟಿದ ರಾಶಿ ಇನ್ನೂ ಬಿಸಿಯಾಗಿತ್ತು.

ಅವಳು ಥರ್ಮಾಮೀಟರನ್ನು ಹೊರಗೆಳೆದು, ಅದಿದ್ದ ಜಾಗದಲ್ಲಿ ಅಂಗೈ ಒತ್ತಿ ನಿಂತಳು. ಎಷ್ಟು ಹೊತ್ತೋ...

ಟೊಮೆಟೊ ಸಸಿಗಳಿದ್ದ, ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಕಡೆಯಿಂದ ಪರಪರ ಸದ್ದು ಬಂತು. ಯಾರೋ ಅದರ ಪಕ್ಕದ ಹಾಳೆಯನ್ನು ಮೇಲಕ್ಕೆ ಸುತ್ತುತ್ತಿದ್ದರು!

“ಯಾರ್ರೀ ಅದು?”

ಎತ್ತರದ ಆಳು ತಿರುಗಿದ. ಮೊಣಕೈವರೆಗೆ ಮಣ್ಣು, ನಿದ್ದೆಗೆಟ್ಟ ಕಣ್ಣು. ಮೂವತ್ತೆಂಟರ ಆಸುಪಾಸು.

“ಪಕ್ಕದ ಹೊಲದವನು,” ಎಂದ. “ಬಿಸಿಲು ಜೋರಿದೆ. ಮುಚ್ಚೇ ಇದ್ರೆ ಒಳಗೆ ಸಸಿ ಬೆಂದುಹೋಗತ್ತೆ. ಐದು ದಿನದಿಂದ ನಾನೇ ತೆಗೀತಿದ್ದೆ. ನೀವು ಯಾರೂ... ಆ ಸ್ಥಿತೀಲಿ ಇರಲಿಲ್ಲ.”

ಆಲೂಗಡ್ಡೆಯವನು!

ಅವಳು ಅವನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮದುವೆಯಾಗಿ ಮೂರು ವರ್ಷವಾದರೂ ವಾರಕ್ಕೆ ಐದು ದಿನ ಪಟ್ಟಣದ ಮಣ್ಣು-ಬೆಳೆ ಪರೀಕ್ಷೆಯ ಪ್ರಯೋಗಾಲಯದ ಕೆಲಸ ಅವಳಿಗೆ. ಬೇಲಿಯಾಚೆ ಓಡಾಡುವ ಟ್ರ್ಯಾಕ್ಟರ್ ಮಾತ್ರ ಗೊತ್ತಿತ್ತು. ಮತ್ತೆ ಗೊತ್ತಿದ್ದದ್ದು ಇಷ್ಟು: ಈತ ಆಲೂಗಡ್ಡೆಗೆ ಔಷಧಿ ಹೊಡೆಯುವವನು, ತನ್ನ ಗಂಡ ಒಂದು ವರ್ಷದಿಂದ ಈತನ ಜೊತೆ ಮಾತು ಬಿಟ್ಟಿದ್ದ.

ಅವನ ದೃಷ್ಟಿ ಅವಳ ಕೈಯಲ್ಲಿದ್ದ ಥರ್ಮಾಮೀಟರಿನ ಮೇಲೆ, ಅದರ ಕೆಂಪು ದಾರದ ಮೇಲೆ ನಿಂತಿತು. ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ.

‘ಅಳೆದು ನೋಡ್ತಿದಾನೆ... ಗಂಡಸಿಲ್ಲದ ತೋಟ ಎಷ್ಟು ದಿನ ನಡೆಯತ್ತೆ ಅಂತ!’

“ನಾಳೆಯಿಂದ ನಾನೇ ತೆಗೀತೀನಿ. ನೀವು ಬರೋದು ಬೇಡ,” ಎಂದಳು.

“ಸರಿ.” ಅವನು ಕೈಯ ಮಣ್ಣು ಉದುರಿಸಿಕೊಂಡ. “ಒಳಗೆ ಇಪ್ಪತ್ತೆಂಟು ಡಿಗ್ರಿ ದಾಟಿದ್ರೆ ತೆಗೀರಿ. ಸಂಜೆ ಐದಕ್ಕೆ ಮುಚ್ಚಿ. ಎಡಗಡೆ ಹಗ್ಗ ಸವೆದಿದೆ, ಜಗ್ಗಬೇಡಿ.”

ಇಷ್ಟು ಹೇಳಿ ಬೇಲಿಯ ಸಂದಿನಲ್ಲಿ ನುಸುಳಿ ಹೋದ.

ಸಂಜೆ ಅವಳು ಹಗ್ಗ ನೋಡಿದಳು. ಹಳೆಯದು ಸವೆದೇ ಇತ್ತು. ಅದರ ಪಕ್ಕದಲ್ಲಿ ಹೊಸ ಹಗ್ಗದ ಸುರುಳಿಯೊಂದು ತೂಗುತ್ತಿತ್ತು.

*

ಮುಂದಿನ ವಾರ ಅವಳು ಪ್ರಯೋಗಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟಳು.

“ಯಾರನ್ನ ಕೇಳಿ ಬಿಟ್ಟೆ?” ಅತ್ತೆ ಸೌಟು ಹಿಡಿದೇ ಕೇಳಿದರು.

“ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ.”

“ಅಂತಿದ್ದೆ!”

“ಅದಕ್ಕೇ ಕೇಳಲಿಲ್ಲ.”

ಅತ್ತೆ ಒಂದು ಕ್ಷಣ ದಿಟ್ಟಿಸಿ ನೋಡಿದರು. “ಇನ್ನೂ ಚಿಕ್ಕ ವಯಸ್ಸು ಕಣೇ ನಿಂದು. ಈ ಮಣ್ಣು ಹೊತ್ಕೊಂಡು ಏನ್ಮಾಡ್ತೀಯ?”

“ಇದು ಅವರು ಕಟ್ಟಿದ ತೋಟ ಅತ್ತೆ. ಅವರ ಹೆಸರು ಕೆಡೋಕೆ ನಾನು ಬಿಡಲ್ಲ.”

ಗೇಟಿನ ಹಲಗೆಯ ಮೇಲೆ ಅವನೇ ಕುಂಚ ಹಿಡಿದು ಬರೆದಿದ್ದ: ‘ಈ ಬೇಲಿಯೊಳಗೆ ವಿಷವಿಲ್ಲ.’ ಸುತ್ತಮುತ್ತ ಅವನಿಗಿದ್ದ ಹೆಸರೂ ಅದೇ, ಒಂದು ಹನಿ ವಿಷ ಮುಟ್ಟದವನು.

ಆದರೆ ತೋಟ ಮೊದಲಿನಂತಿರಲಿಲ್ಲ. ವಾರಕ್ಕೊಂದು ತರಕಾರಿ ಬುಟ್ಟಿ ಒಯ್ಯುತ್ತಿದ್ದ ಅರವತ್ತು ಮನೆಗಳು ನಲವತ್ತಕ್ಕೆ ಇಳಿದಿದ್ದವು. ಪಟ್ಟಣದ ದೊಡ್ಡ ಅಂಗಡಿಗಳೆಲ್ಲ ಹಸಿರು ಚೀಟಿ ಅಂಟಿಸಿದ ‘ಸಾವಯವ’ ಕಪಾಟು ಇಟ್ಟಿದ್ದವು. ಮಳೆ ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವಳು ಹೆದರಲಿಲ್ಲ. ಹೆದರಿಕೆಗೂ ಒಳಗೆ ಏನಾದರೂ ಮಿಕ್ಕಿರಬೇಕಲ್ಲ! ನೀರು ಹೆಚ್ಚು ಕುಡಿಯುವ ಬೆಳೆ ಕೈಬಿಟ್ಟಳು. ಮಡಿಗಳ ನಕ್ಷೆ ಬರೆದು ಗೋಡೆಗೆ ಅಂಟಿಸಿದಳು. ಯಾವ ಮಡಿಗೆ ಯಾವ ದಿನ ಎಷ್ಟು ಗೊಬ್ಬರ ಬಿತ್ತು, ಎಲ್ಲವನ್ನೂ ಗುರುತು ಹಾಕಿದಳು. ಶನಿವಾರ ಬುಟ್ಟಿ ಒಯ್ಯಲು ಬಂದವರು ಟೊಮೆಟೊ ಸಾಲುಗಳನ್ನು ನೋಡಿ ಹುಬ್ಬೇರಿಸಿದರು.

ದಿನವೂ ಏಳಕ್ಕೆ ರಾಶಿಯ ಬಳಿ ಹೋಗುತ್ತಿದ್ದಳು. ಐವತ್ತೈದು. ಐವತ್ತೆರಡು. ಕೂಗುತ್ತಿರಲಿಲ್ಲ. ಅಂಗೈ ಒತ್ತಿ ನಿಂತು ಬರುತ್ತಿದ್ದಳು.

ಒಂದು ಮಂಗಳವಾರ ಹನಿ ನೀರಾವರಿಯ ಪೈಪು ಬೇಲಿಯ ಪಕ್ಕದಲ್ಲೇ ಒಡೆದು ಕಾರಂಜಿಯಾಯಿತು. ಎರಡೂ ಕೈಯಿಂದ ತೂತು ಒತ್ತಿ ಕೂತಳು. ಬಿಟ್ಟರೆ ನೀರು, ಹಿಡಿದರೆ ಏಳುವಂತಿಲ್ಲ!

ಬೇಲಿಯ ಸಂದಿನಿಂದ ಒಂದು ಕೈ ಬಂತು. ಅದರಲ್ಲೊಂದು ಕ್ಲಿಪ್ಪು.

“ಬರಬೇಡಿ ಅಂದಿದ್ರಿ. ಕೈ ಮಾತ್ರ ಬಂದಿದೆ.”

ಅವಳು ಕ್ಲಿಪ್ಪು ಹಾಕಿದಳು. ನೀರು ನಿಂತಿತು. ಮುಖದ ತುಂಬ ಕೆಸರು.

“ನಿಮ್ಮ ಟೊಮೆಟೊ ಸಾಲು ಸ್ಕೇಲಿಟ್ಟು ಎಳೆದ ಹಾಗಿದೆ,” ಎಂದ ಬೇಲಿಯಾಚೆಯಿಂದ.

“ಸ್ಕೇಲಿಟ್ಟೇ ಎಳೆದದ್ದು.”

“ಹೌದಾ! ನಮ್ಮ ಆಲೂಗಡ್ಡೆ ನೆಲದೊಳಗಿರತ್ತೆ, ಸೊಟ್ಟಗಿದ್ರೂ ಯಾರಿಗೂ ಕಾಣಲ್ಲ.”

ಅವಳು ನಕ್ಕಳು.

ನಕ್ಕ ಮೇಲೆ ಬೆಚ್ಚಿದಳು. ಯಾರದು ಆ ದನಿ? ಗಂಡ ಹೋಗಿ ಹನ್ನೊಂದು ವಾರ... ಬೇಲಿಯ ಬಳಿ ಪರಗಂಡಸಿನ ಮಾತಿಗೆ ನಕ್ಕವಳು ಯಾರು?

ಎದ್ದು ಸರಸರನೆ ಒಳಗೆ ಹೋದಳು. ಆ ಮಂಗಳವಾರದಿಂದ ಎಲ್ಲ ಮಂಗಳವಾರವೂ ಬೇಲಿಯ ಬಳಿಯೇ ಏನಾದರೂ ಕೆಲಸ ಇರುತ್ತಿತ್ತು ಎಂಬುದನ್ನು ಅತ್ತೆ ಗಮನಿಸಿದರು. ಬಾಯಿ ಬಿಡಲಿಲ್ಲ. ಒಮ್ಮೆ ಮಾತ್ರ, “ಏನಂತೆ ಆಲೂಗಡ್ಡೆ?” ಎಂದು ಗಾಳಿಗೆ ಹೇಳುವಂತೆ ಕೇಳಿದ್ದರು.

*

ಹೂವು ಬಿಡುವ ಹೊತ್ತಿಗೆ ಟೊಮೆಟೊ ಎಲೆಗಳು ಸುರುಟಿಕೊಂಡವು.

ಮೊದಲು ತುದಿ, ಆಮೇಲೆ ಇಡೀ ಎಲೆ, ಬತ್ತಿ ಹೊಸೆದ ಹಾಗೆ. ಹುಳವಿಲ್ಲ, ಮಚ್ಚೆಯಿಲ್ಲ, ನೀರಿನ ಕೊರತೆಯಿಲ್ಲ. ಪ್ರಯೋಗಾಲಯದಲ್ಲಿದ್ದವಳಿಗೆ ಅದು ಏನೆಂದು ತಿಳಿಯಲು ಅರ್ಧ ಗಂಟೆ ಸಾಕಾಯಿತು. ಕಳೆನಾಶಕ!

ವಿಷವಿಲ್ಲದ ಬೇಲಿಯೊಳಗೆ ವಿಷ! ಬೇಲಿಯಾಚೆ ಔಷಧಿ ಹೊಡೆಯುವವನು ಒಬ್ಬನೇ...

‘ನಗಿಸಿ ನಗಿಸಿ ಬೆನ್ನಿಗೆ ಇರಿದ. ನಾನೂ ನಕ್ಕೆನಲ್ಲ... ನನಗೆ ಹೀಗೇ ಆಗಬೇಕು!’

ಆ ಶನಿವಾರ ಬುಟ್ಟಿ ಒಯ್ಯುವವರ ಸಾಲಿನಲ್ಲಿ ಅವನೂ ನಿಂತಿದ್ದ. ಕೈಯಲ್ಲಿ ಖಾಲಿ ಚೀಲ. ಅಂಗಿಗೆ ಇಸ್ತ್ರಿ ಹಾಕಿದ್ದ.

“ನನಗೂ ವಾರಕ್ಕೊಂದು ಬುಟ್ಟಿ ಬರ್ಕೊಳ್ತೀರಾ?” ಎಂದ.

ಅವಳು ಸುರುಟಿದ ಎಲೆಗಳ ಗೊಂಚಲನ್ನು ಅವನ ಕೈಗೆ ತುರುಕಿದಳು.

“ಮೊದಲು ಇದಕ್ಕೆ ಉತ್ತರ ಹೇಳಿ! ಬೇಲಿ ಹತ್ರ ನಿಂತು ನಗೋದು, ಆಮೇಲೆ ಹೋಗಿ ಔಷಧಿ ಹೊಡೆಯೋದು! ನನ್ನ ಗಂಡ ನಿಮ್ಮ ಜೊತೆ ಯಾಕೆ ಮಾತು ಬಿಟ್ಟಿದ್ರು ಅಂತ ಈಗ ಗೊತ್ತಾಯ್ತು!”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆಯ ಕೈಯಲ್ಲಿದ್ದ ಬುಟ್ಟಿ ಅಲ್ಲೇ ನಿಂತಿತು.

“ಈ ತಿಂಗಳು ನಾನು ಔಷಧಿ ಹೊಡೆದಿಲ್ಲ,” ಎಂದ ಅವನು ಮೆಲ್ಲಗೆ.

“ಹಾಗಾದ್ರೆ ಇದು ಎಲ್ಲಿಂದ ಬಂತು? ಹೇಳಿ!”

ಅವನು ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿದ. ಬಿಟ್ಟೊಡನೆ ಅದು ಮತ್ತೆ ಸುರುಟಿತು. ಹಿತ್ತಲಿನ ರಾಶಿಯ ಕಡೆಗೊಮ್ಮೆ ನೋಡಿದ, ಅವಳ ಕಡೆಗೊಮ್ಮೆ ನೋಡಿದ.

“ಗೊತ್ತಿಲ್ಲ,” ಎಂದ.

ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು ನಡೆದುಬಿಟ್ಟ.

ಸಾವಯವ ಪ್ರಮಾಣಪತ್ರ ಕೊಡುವ ಕಚೇರಿಗೆ ಅವಳು ಸೋಮವಾರವೇ ದೂರು ಬರೆದಳು. ತಪಾಸಣೆಯ ಅಧಿಕಾರಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು. “ಮೂರು ವಾರ ಬಿಟ್ಟು ಬರ್ತೀನಿ. ಪಕ್ಕದವರ ಔಷಧಿ ಗಾಳೀಲಿ ಬಂದಿದ್ರೆ ತಪ್ಪು ಅವರದ್ದು, ನಿಮ್ಮ ಪ್ರಮಾಣಪತ್ರಕ್ಕೆ ಏನೂ ಆಗಲ್ಲ. ನೀವೇ ತಂದು ಹಾಕಿದ್ದಾದ್ರೆ ಮಾತ್ರ ಆ ಮಡಿಗಳ ಪ್ರಮಾಣಪತ್ರ ಹೋಗತ್ತೆ.”

“ನಾವು ತಂದು ಹಾಕೋದಾ? ಗೇಟಿನ ಮೇಲಿರೋ ಹಲಗೆ ಓದಿ ಮೇಡಂ, ಬಂದಾಗ,” ಎಂದಳು ಅವಳು.

*

ಕೋಪ ಇಳಿದ ಮೇಲೆ ಕಣ್ಣು ಕಾಣತೊಡಗಿತು.

ಗಾಳಿಯಲ್ಲಿ ಬಂದ ವಿಷ ಮೊದಲು ಬೇಲಿಯ ಪಕ್ಕದ ಗಿಡ ಸುಡಬೇಕು. ಆದರೆ ಬೇಲಿಗೆ ಅಂಟಿಕೊಂಡಿದ್ದ ಬೀನ್ಸ್ ಬಳ್ಳಿಗಳು ನಳನಳಿಸುತ್ತಿದ್ದವು. ಸುರುಟಿದ್ದು ತೋಟದ ನಡುವಿನ ಸಾಲುಗಳು, ಮೊದಲ ಆರೂ. ಏಳನೆಯ ಸಾಲು ಚೆನ್ನಾಗಿತ್ತು. ಎಂಟನೆಯದು ಸುರುಟಿತ್ತು.

ಗಾಳಿ ಸಾಲು ಎಣಿಸಿಕೊಂಡು ಬೀಸುತ್ತದೆಯೇ?

ಅವಳು ಗೋಡೆಯ ನಕ್ಷೆಯ ಮುಂದೆ ನಿಂತಳು. ಏಳನೆಯ ಸಾಲಿಗೆ ಅವಳೇ ಬರೆದಿದ್ದಳು: ‘ಗೊಬ್ಬರ ಸಾಲದೆ ಹೋಯಿತು.’

ಬೇಡ... ಹಾಗಿರಲಾರದು!

ಆದರೂ ಎಂಟು ಕುಂಡ ತಂದಳು. ನಾಲ್ಕಕ್ಕೆ ಬರೀ ಮಣ್ಣು. ಎರಡಕ್ಕೆ ಮಡಿಗೆ ಹಾಕಿ ಮಿಕ್ಕಿದ್ದ ಹೋದ ವರ್ಷದ ಗೊಬ್ಬರ ಬೆರೆಸಿದಳು. ಇನ್ನೆರಡಕ್ಕೆ ಹಿತ್ತಲಲ್ಲಿ ಇನ್ನೂ ಬೆಚ್ಚಗಿದ್ದ ರಾಶಿಯಿಂದ ಒಂದೊಂದು ಬೊಗಸೆ. ಎಲ್ಲಕ್ಕೂ ಮೂರು ಮೂರು ಬೀನ್ಸ್ ಬೀಜ. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು.

“ಇದೇನೇ, ತೋಟ ಮನೆಯೊಳಗೂ ಬಂತು?” ಎಂದರು ಅತ್ತೆ.

“ಪರೀಕ್ಷೆ ಅತ್ತೆ. ಬೀನ್ಸಿಗೆ ಸುಳ್ಳು ಹೇಳೋಕೆ ಬರಲ್ಲ.”

ಅತ್ತೆ ಯಾಕೋ ಆ ಕಡೆ ಮತ್ತೆ ನೋಡಲಿಲ್ಲ.

ಹದಿನೇಳನೆಯ ದಿನ ಬೆಳಿಗ್ಗೆ ಬರೀ ಮಣ್ಣಿನ ನಾಲ್ಕು ಕುಂಡಗಳಲ್ಲಿ ಎಲೆಗಳು ಅಂಗೈಯಂತೆ ಬಿಚ್ಚಿಕೊಂಡಿದ್ದವು. ಗೊಬ್ಬರ ಬೆರೆಸಿದ ನಾಲ್ಕರಲ್ಲೂ ಮುಷ್ಟಿ ಕಟ್ಟಿದ್ದವು.

ಅವಳು ಕುಂಡಗಳ ಮುಂದೆ ಕುರ್ಚಿಯಲ್ಲಿ ಕೂತು ಇನ್ನೊಮ್ಮೆ ಎಣಿಸಿದಳು.

ಗೊಬ್ಬರ. ಗಂಡನ ಗೊಬ್ಬರ! ಹೋದ ವರ್ಷದಿಂದ ಅವನು ಪಟ್ಟಣದಾಚೆಯ ಕುದುರೆ ಲಾಯದಿಂದ ಲದ್ದಿ ತರುತ್ತಿದ್ದ. ಲದ್ದಿ ಅಂದಮೇಲೆ ಸಾವಯವವೇ ತಾನೇ, ಎಂದು ಯಾರೂ ಕೇಳಿರಲಿಲ್ಲ. ಆ ಕುದುರೆಗಳು ತಿಂದ ಹುಲ್ಲಿಗೆ ಯಾರು ಏನು ಹೊಡೆದಿದ್ದರೋ... ಅಂಥ ಕೆಲವು ಕಳೆನಾಶಕ ಕುದುರೆಯ ಹೊಟ್ಟೆಯಲ್ಲೂ ಕರಗುವುದಿಲ್ಲ, ರಾಶಿಯ ಬಿಸಿಗೂ ಸಾಯುವುದಿಲ್ಲ. ಅವಳು ಓದಿದ್ದಳು. ಆದರೆ ಇಲ್ಲಿ, ಈ ಬೇಲಿಯೊಳಗೆ, ಅವನ ಕೈಯಿಂದ?

ತಾನು ದಿನವೂ ಅಂಗೈ ಒತ್ತಿ ನಿಲ್ಲುತ್ತಿದ್ದ ಆ ರಾಶಿ...

“ಅತ್ತೆ,” ಎಂದಳು. “ಅತ್ತೆ, ವಿಷ ಬಂದದ್ದು ಬೇಲಿಯಾಚೆಯಿಂದ ಅಲ್ಲ.”

ಅತ್ತೆ ಒಲೆ ಆರಿಸಿದರು. ಎದುರಿನ ಕುರ್ಚಿ ಎಳೆದು ಕೂತರು.

“ನಂಗೊತ್ತು.”

“ಏನು?”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ಆ ಶನಿವಾರ. ನಾನು ನೋಡ್ತಾ ನಿಂತಿದ್ದೆ.” ಅತ್ತೆ ಸೆರಗಿನಲ್ಲಿ ಕೈ ಒರೆಸಿದರು, ಒರೆಸುತ್ತಲೇ ಇದ್ದರು. “ಹೋದ ವರ್ಷ ಮೊದಲನೇ ಗಾಡಿ ಲದ್ದಿ ಬಂದಾಗ ಆ ಹುಡುಗ ಬೇಲಿ ಹತ್ರ ಬಂದು ಹೇಳಿದ. ‘ಆ ಲಾಯದ್ದು ತರಬೇಡ, ಅವರು ತರೋ ಹುಲ್ಲಿಗೆ ಕಳೆನಾಶಕ ಹೊಡೆದಿರ್ತಾರೆ, ನಮ್ಮಪ್ಪನ ಟೊಮೆಟೊ ಹಾಗೇ ಸುರುಟಿ ಹೋಗಿತ್ತು’ ಅಂತ. ನನ್ನ ಮಗ ಏನಂದ ಗೊತ್ತಾ? ‘ಡ್ರಮ್ಮುಗಟ್ಟಲೆ ವಿಷ ಹೊಡೆಯೋನು ನಂಗೆ ಗೊಬ್ಬರ ಕಲಿಸ್ತೀಯಾ?’ ಅಂದ. ಅವತ್ತೇ ಮಾತು ಬಿಟ್ಟಿದ್ದು.”

“ನೀವು ಯಾಕೆ ಹೇಳಲಿಲ್ಲ?”

“ಸತ್ತ ಮಗನ ತಪ್ಪು ಹೆತ್ತವಳ ಬಾಯಲ್ಲಿ ಬರತ್ತಾ ಹುಡುಗಿ?”

ಅತ್ತೆ ಈಗ ಕಿಟಕಿಯ ಕುಂಡಗಳ ಕಡೆ ತಿರುಗಿದರು.

“ಇನ್ನೊಂದು,” ಎಂದರು ಅತ್ತೆ. “ಆ ಥರ್ಮಾಮೀಟರ್ ಬೇಲಿಯಾಚೆಯವನದ್ದು. ಅವರಪ್ಪನದ್ದು. ನಿನ್ನ ಮದುವೆಗೆ ಮುಂಚೆ ನನ್ನ ಮಗ ಎರಡು ದಿನಕ್ಕೆ ಅಂತ ಕೇಳಿ ತಂದಿದ್ದ. ಜಗಳ ಆದ ಮೇಲೆ, ‘ಕೊಟ್ಟು ಬಾರೋ’ ಅಂದೆ. ‘ಕೊಟ್ಟುಬಿಟ್ರೆ ಮುಗಿದೇ ಹೋಗತ್ತಲ್ಲಮ್ಮಾ, ಇರಲಿ, ಕೇಳೋಕಾದ್ರೂ ಬರ್ತಾನೆ’ ಅಂದ. ಅವನೂ ಕೇಳೋಕೆ ಬರಲಿಲ್ಲ, ಇವನೂ ಕೊಡೋಕೆ ಹೋಗಲಿಲ್ಲ. ಗಂಡಸ್ರ ಹಟ!”

ಆ ಮೊದಲ ಬೆಳಿಗ್ಗೆ ಕೆಂಪು ದಾರದ ಮೇಲೆ ನಿಂತ ಅವನ ನೋಟ... ಬಾಯಿ ತೆರೆದು ಮುಚ್ಚಿದ್ದು... ಎಲ್ಲವೂ ಈಗ ಅವಳ ಕಣ್ಣ ಮುಂದೆ ಬಂತು.

*

ತಪಾಸಣೆಗೆ ನಾಲ್ಕು ದಿನ ಉಳಿದಿತ್ತು.

ಸುಮ್ಮನಿದ್ದರೆ ಸಾಕಿತ್ತು. ದೂರು ಆಗಲೇ ಬರೆದಾಗಿತ್ತು. ಊರಿಗೆಲ್ಲ ಆಲೂಗಡ್ಡೆಯವನ ಮೇಲೆಯೇ ಅನುಮಾನ. ಪ್ರಮಾಣಪತ್ರ ಉಳಿಯುತ್ತಿತ್ತು, ಹಲಗೆ ಉಳಿಯುತ್ತಿತ್ತು, ಗಂಡನ ಹೆಸರು ಉಳಿಯುತ್ತಿತ್ತು. ಹೋಗುತ್ತಿದ್ದುದು ಬೇಲಿಯಾಚೆಯ ಒಬ್ಬನ ಮಾನ ಮಾತ್ರ. ಅವನೂ ಬಾಯಿ ಬಿಡುವವನಲ್ಲ!

‘ಹೇಳಿಬಿಡು’ ಎಂದು ಗಂಡ ಹೇಳುತ್ತಿದ್ದನೇ? ‘ಸುಮ್ಮನಿರು’ ಎನ್ನುತ್ತಿದ್ದನೇ? ಅವಳಿಗೆ ತಿಳಿಯಲಿಲ್ಲ. ಅವನು ಒಳ್ಳೆಯವನಾಗಿದ್ದ. ಹಟಮಾರಿಯೂ ಆಗಿದ್ದ. ಸತ್ತ ದಿನದಿಂದ ಎಲ್ಲರೂ ಅವನನ್ನು ದೇವರು ಮಾಡಿದ್ದರು. ಅವಳೂ. ದೇವರ ಜೊತೆ ಮಾತಾಡುವುದು ಹೇಗೆ? ಹಟಮಾರಿ ಗಂಡನ ಜೊತೆಯಾದರೆ ಜಗಳವಾದರೂ ಆಡಬಹುದಿತ್ತು.

‘ತಪ್ಪು ಮಾಡಿದ್ರಿ ಕಣ್ರೀ,’ ಎಂದಳು ರಾಶಿಯ ಬಳಿ ನಿಂತು. ‘ನಾನೂ ಮಾಡಿದೆ. ನಿಮ್ಮದನ್ನೂ ನಾನೇ ಸರಿ ಮಾಡ್ತೀನಿ.’

ಅವನು ಹೋದ ಮೇಲೆ ಮೊದಲ ಸಲ ಅವನು ಹತ್ತಿರ ನಿಂತಂತೆನಿಸಿತು.

ತಪಾಸಣೆಯ ದಿನ ಅಧಿಕಾರಿ ಬರುವ ಮೊದಲೇ ಗೇಟಿನ ಹಲಗೆಯನ್ನು ಇಳಿಸಿ ಬಾಗಿಲ ಹಿಂದೆ ಇಟ್ಟಳು. ಹೇಳಿಕೆ ಕೊಡಲು ಕರೆಸಿದ್ದರಿಂದ ಪಕ್ಕದ ಹೊಲದವನೂ ಬಂದಿದ್ದ. ಅದೇ ಇಸ್ತ್ರಿ ಅಂಗಿ. ದೂರ ನಿಂತಿದ್ದ, ತಲೆ ತಗ್ಗಿಸಿ.

ಅವಳು ಎಂಟು ಕುಂಡಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ಮೇಡಂ, ನನ್ನ ದೂರು ತಪ್ಪು. ವಿಷ ನಮ್ಮ ಗೊಬ್ಬರದಲ್ಲಿದೆ. ನನ್ನ ಗಂಡ ಲಾಯದಿಂದ ತಂದ ಲದ್ದಿ. ಅವರಿಗೆ ಗೊತ್ತಿರಲಿಲ್ಲ. ಹೇಳಿದವರ ಮಾತು ಕೇಳಲಿಲ್ಲ.” ಒಂದು ಉಸಿರು ತೆಗೆದುಕೊಂಡಳು. “ಇವರದ್ದು ಏನೂ ತಪ್ಪಿಲ್ಲ. ಇವರನ್ನ ಹತ್ತಾರು ಜನರ ಮುಂದೆ ನಿಲ್ಲಿಸಿ ಬೈದೆ. ಶನಿವಾರ ಅದೇ ಜನರ ಮುಂದೆ ಇದನ್ನೂ ಹೇಳ್ತೀನಿ.”

ಅಧಿಕಾರಿ ಕನ್ನಡಕ ತೆಗೆದು ಅವಳನ್ನು ನೋಡಿದರು. “ಹೀಗೆ ಹೇಳಿದ್ರೆ ಒಂಬತ್ತು ಮಡಿಗಳ ಪ್ರಮಾಣಪತ್ರ ಹೋಗತ್ತೆ, ಗೊತ್ತಲ್ಲಮ್ಮ?”

“ಹೋಗಲಿ. ಮಣ್ಣು ಇರತ್ತಲ್ಲ.”

ಅಧಿಕಾರಿ ಬರೆದುಕೊಂಡು ಹೊರಟ ಮೇಲೆ ಅಂಗಳದಲ್ಲಿ ಅವರಿಬ್ಬರೇ ಉಳಿದರು. ಅತ್ತೆ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಿಸಿಕೊಂಡಿದ್ದರು.

“ಎಲೆ ಕೈಗೆ ತಗೊಂಡಾಗಲೇ ನಿಮಗೆ ಗೊತ್ತಾಗಿತ್ತು,” ಎಂದಳು ಅವಳು. “ಯಾಕೆ ಹೇಳಲಿಲ್ಲ? ಅಷ್ಟು ಜನರ ಮುಂದೆ ಅಷ್ಟೆಲ್ಲ ಅಂದೆ...”

ಅವನು ನೆಲ ನೋಡುತ್ತ ಹೇಳಿದ. “ಹೇಳಿದ್ರೆ ನಿಮ್ಮವರ ಮೇಲೆ ಹೇಳಬೇಕಿತ್ತು. ಉತ್ತರ ಕೊಡೋಕೆ ಅವರು ಇರಲಿಲ್ಲ. ಇದ್ದಿದ್ರೆ ಬೇಲಿ ಹತ್ರ ನಿಲ್ಲಿಸ್ಕೊಂಡು ಚೆನ್ನಾಗೇ ಜಗಳ ಆಡ್ತಿದ್ದೆ.”

ಕಣ್ಣು ಉರಿಯಿತು. ಏನಿದು ಎಂದು ತಿಳಿಯುವ ಮೊದಲೇ ಕೆನ್ನೆ ಒದ್ದೆಯಾಗಿತ್ತು.

ನಾಲ್ಕು ತಿಂಗಳ ಅಳು ಒಂದೇ ಸಲ ಬಂತು. ಅವನು ಹತ್ತಿರ ಬರಲಿಲ್ಲ, ಸಮಾಧಾನದ ಮಾತಾಡಲಿಲ್ಲ, ದೂರವೂ ಹೋಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ, ಅವಳ ಅಳು ಮುಗಿಯುವವರೆಗೆ.

*

ಶನಿವಾರ ಅವಳು ಹೇಳಿದಂತೆಯೇ ಎಲ್ಲರ ಮುಂದೆ ಹೇಳಿದಳು. ಏಳು ಮನೆಯವರು ಬುಟ್ಟಿ ನಿಲ್ಲಿಸಿದರು. ಉಳಿದವರು ನಿಂತು ಕೇಳಿದರು. ಅವರಲ್ಲೊಬ್ಬ ವಯಸ್ಸಾದ ಟೀಚರ್, “ಅಂಗಡಿ ಕಪಾಟಿಗೆ ತಪ್ಪು ಒಪ್ಕೊಳ್ಳೋಕೆ ಬಾಯಿಲ್ಲ. ನಾನು ಇಲ್ಲೇ ತಗೊಳ್ತೀನಿ,” ಎಂದು ಬುಟ್ಟಿ ಎತ್ತಿಕೊಂಡರು. ಸಾಲಿನ ಕೊನೆಯಲ್ಲಿ ಅವನು ಜೇಬಿನಿಂದ ನಾಲ್ಕು ಮಡಿಕೆಯ ಚೀಲ ತೆಗೆದು ಬಿಡಿಸಿದ.

ಉಳಿದದ್ದು ರಾಶಿ. ಅದನ್ನು ತರಕಾರಿಗೆ ಹಾಕುವಂತಿರಲಿಲ್ಲ, ಎಸೆಯಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

“ನನಗೆ ಕೊಡಿ,” ಎಂದ ಅವನು. “ಮೆಕ್ಕೆಜೋಳವೂ ಹುಲ್ಲಿನ ಜಾತಿ, ಅದಕ್ಕೆ ಆ ಔಷಧಿ ಏನೂ ಮಾಡಲ್ಲ. ಅವರು ಅಷ್ಟು ಕಷ್ಟಪಟ್ಟು ಕಟ್ಟಿದ್ದು... ಹಾಳಾಗಬಾರದು.”

ಟ್ರ್ಯಾಕ್ಟರ್ ಬರುವ ದಿನ ಅವಳು ಕೊನೆಯ ಸಲ ಮುಳ್ಳು ನೋಡಿದಳು. ಮೂವತ್ತೊಂದು. ಅದು ಬರೀ ಬಿಸಿಲಿನ ಬಿಸಿ. ಥರ್ಮಾಮೀಟರನ್ನು ಒರೆಸಿ, ಅವನು ನೋಡುವ ಮೊದಲೇ ಸೆರಗಿನಲ್ಲಿ ಮರೆ ಮಾಡಿ ಒಳಗೆ ಒಯ್ದಳು.

‘ಇದೊಂದು ಮಾತ್ರ... ಇನ್ನೂ ಸ್ವಲ್ಪ ದಿನ.’

ಅವನು ನೋಡಿದ್ದ. ಕೇಳಲಿಲ್ಲ.

ಆ ವರ್ಷ ಅವನ ಮೆಕ್ಕೆಜೋಳ ಆಳೆತ್ತರ ಮೀರಿ ಬೆಳೆಯಿತು. ಬೇಲಿಯ ಪಕ್ಕದ ಒಂದು ಎಕರೆಗೆ ಅವನು ಔಷಧಿ ಹೊಡೆಯುವುದನ್ನೇ ಬಿಟ್ಟ. ಅಲ್ಲಿ ಹುಲ್ಲು ಬೆಳೆಸಿದ. ಯಾಕೆ ಎಂದು ಅತ್ತೆ ಕೇಳಿದರೆ, “ಇವರ ಹೊಸ ರಾಶಿಗೆ ನಂಬಿಕೆಯ ಹುಲ್ಲು ಬೇಕಲ್ಲಮ್ಮಾ,” ಎಂದನಂತೆ. ಅತ್ತೆ ಅದನ್ನು ಅವಳಿಗೆ ಮೂರು ಸಲ ಹೇಳಿದರು, ಮೂರು ಸಲವೂ ಹೊಸದಾಗಿ ಹೇಳುವಂತೆ.

ಚಳಿ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಹೊಸ ರಾಶಿ ಕಟ್ಟಿದರು. ಒಂದು ಪದರ ಹುಲ್ಲು, ಒಂದು ಪದರ ತೋಟದ ಸೊಪ್ಪು. ರಾಶಿಗೆ ಹೋಗುವ ಮೊದಲು ಆ ಹುಲ್ಲು ಬೀನ್ಸಿನ ಪರೀಕ್ಷೆ ಪಾಸಾಗಿತ್ತು. ಎಲ್ಲ ಕುಂಡಗಳಲ್ಲೂ ಎಲೆಗಳು ಅಂಗೈ ಬಿಚ್ಚಿದ್ದವು.

“ಆ ಆಲೂಗಡ್ಡೆ ತಾನಾಗಿ ಬಾಯಿ ಬಿಡಲ್ಲ ಕಣೇ,” ಎಂದರು ಅತ್ತೆ ಒಂದು ದಿನ, ಸೊಪ್ಪು ಬಿಡಿಸುತ್ತ. “ನೆಲದೊಳಗೆ ಬೆಳೆಯೋ ಜಾತಿ. ನಾವೇ ಅಗೆದು ತೆಗೀಬೇಕು.”

“ಅತ್ತೆ!”

“ಏನು ಅತ್ತೆ? ನನ್ನ ಮಗನ್ನ ಮರೀ ಅಂತ ಹೇಳ್ತಿಲ್ಲ. ನಾನೂ ಮರೆಯಲ್ಲ.” ಅವರ ಕೈ ನಿಂತಿತು. “ಮೂರು ಲೋಟ ಸೋಸೋ ಅಭ್ಯಾಸ ನಂಗಿನ್ನೂ ಹೋಗಿಲ್ಲ. ದಿನಾ ಎರಡೆರಡು ಲೋಟ ಕುಡಿದು ನಿದ್ದೆ ಬರ್ತಿಲ್ಲ ಮಾರಾಯ್ತಿ. ಕುಡಿಯೋರು ಯಾರಾದ್ರೂ ಬೇಕು.”

*

ಮರುದಿನ ಬೆಳಿಗ್ಗೆ ಏಳು ಗಂಟೆ.

ಅವಳು ಥರ್ಮಾಮೀಟರನ್ನು ಹೊಸ ರಾಶಿಗೆ ಚುಚ್ಚಿದಳು. ಮುಳ್ಳು ನಡುಗುತ್ತ ಏರಿತು. ಐವತ್ತು... ಐವತ್ತೇಳು... ಅರವತ್ತನ್ನೂ ದಾಟಿ ನಿಂತಿತು.

ಅವಳ ಬಾಯಿಂದ ತಾನಾಗಿಯೇ ಕೂಗು ಹೊರಟಿತು.

“ಅರವತ್ತೆರಡು!”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ ಒಡೆದ ದನಿಯೊಂದು ಬಂತು.

“ಜ್ವರ ಏರಿದೆ... ಡಾಕ್ಟರನ್ನ ಕರೆಸೇ!”

ಅವಳು ನಕ್ಕಳು. ಈ ಸಲ ಬೆಚ್ಚಲಿಲ್ಲ. ಥರ್ಮಾಮೀಟರನ್ನು ಹೊರಗೆಳೆದು, ಒರೆಸಿ, ಗೇಟಿನ ಕಡೆಯಿಂದ ಹೊರಟಳು. ಮಡಿಗಳ ಮಣ್ಣೂ ಬೀನ್ಸಿನ ಪರೀಕ್ಷೆ ಪಾಸಾದ ಮೇಲೆ ಅಲ್ಲಿ ಹಲಗೆ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಬೇಲಿಯ ಸಂದಿನಲ್ಲಿ ನುಸುಳಲಿಲ್ಲ. ರಸ್ತೆ ಹಿಡಿದು, ಎಲ್ಲರಿಗೂ ಕಾಣುವಂತೆ, ಅವನ ಅಂಗಳಕ್ಕೆ ನಡೆದಳು.

ಅವನು ಬಿತ್ತನೆಯ ಆಲೂಗಡ್ಡೆ ಆರಿಸುತ್ತ ಕೂತಿದ್ದ. ಅವಳನ್ನು ನೋಡಿ ದಡಬಡಿಸಿ ಎದ್ದ.

“ಇದು ನಿಮ್ಮದು,” ಎಂದಳು. “ಅವರು ಎರಡು ದಿನಕ್ಕೆ ಅಂತ ತಂದಿದ್ರಂತೆ. ತಡ ಆಯ್ತು.”

ಅವನು ಮುಟ್ಟಲಿಲ್ಲ. “ಇರಲಿ, ಇಟ್ಕೊಳ್ಳಿ. ಅವರ ಕೈ ಆಡಿದ್ದು.”

“ಅದಕ್ಕೇ ಇಷ್ಟು ದಿನ ಇಟ್ಕೊಂಡಿದ್ದೆ. ಮೊದಲ ದಿನವೇ ನೋಡಿದ್ರಿ, ಒಂದು ದಿನವೂ ಕೇಳಲಿಲ್ಲ ನೀವು. ಹಿಡೀರಿ... ಅವರ ಪರವಾಗಿ ಕೊಡ್ತಿದೀನಿ. ಜಗಳ ಮುಗೀತು ಅಂತಲೂ ಹೇಳ್ತಿದೀನಿ.”

ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಬಣ್ಣಗೆಟ್ಟ ದಾರವನ್ನು ಹೆಬ್ಬೆರಳಿನಿಂದ ಸವರಿದ. ಲೋಹ ಇನ್ನೂ ಬೆಚ್ಚಗಿತ್ತು.

ಅವಳು ಹೊರಡಲಿಲ್ಲ.

“ಈಗ ನಂಗೊಂದು ಥರ್ಮಾಮೀಟರ್ ಬೇಕಿತ್ತು,” ಎಂದಳು.

ಅವನು ತಲೆಯೆತ್ತಿದ. ಅವನ ಕಣ್ಣಿನಂಚಿನಲ್ಲಿ ನಗು ಮೂಡಿ, ಧೈರ್ಯ ಸಾಲದೆ ಅಲ್ಲೇ ನಿಂತಿತು.

“ಎಷ್ಟು ದಿನಕ್ಕೆ?”

“ದಿನದ ಮಾತು ಬೇಡ. ಬರೀ ಥರ್ಮಾಮೀಟರೂ ಬೇಡ. ನೀವೇ ಹಿಡ್ಕೊಂಡು ಬನ್ನಿ. ದಿನಾ. ಏಳು ಗಂಟೆಗೆ.”

ಅವನು ಥರ್ಮಾಮೀಟರನ್ನು ಆರಿಸಿದ ಆಲೂಗಡ್ಡೆಯ ಪಕ್ಕದಲ್ಲಿ ಜೋಪಾನವಾಗಿ ಇಟ್ಟ. ಆಮೇಲೆ ಮೆಲ್ಲಗೆ ಹೇಳಿದ. “ಆ ಐದು ದಿನ ನಿಮ್ಮ ತೋಟಕ್ಕೆ ಬಂದದ್ದು ಸಸಿಗೋಸ್ಕರ. ಆಮೇಲೆ ಬೇಲಿ ಹತ್ರ ಬಂದದ್ದೆಲ್ಲ... ಸಸಿಗೋಸ್ಕರ ಅಲ್ಲ.”

“ಗೊತ್ತು.”

“ಗೊತ್ತಿತ್ತಾ?”

“ನಂಗಿಂತ ಮೊದಲು ಅತ್ತೆಗೆ ಗೊತ್ತಿತ್ತು.”

ಅವನು ಈಗ ನಕ್ಕೇಬಿಟ್ಟ. ಮಣ್ಣಿನ ಕೈಯನ್ನು ಅಂಗಿಗೆ ಒರೆಸಿ, ಮುಂದೆ ಚಾಚಿ, ಅರ್ಧದಲ್ಲೇ ನಿಲ್ಲಿಸಿದ. ಉಳಿದರ್ಧ ದೂರವನ್ನು ಅವಳ ಕೈ ದಾಟಿತು.

“ಏಳು ಗಂಟೆಗೆ ಬಂದ್ರೆ ಚಹಾ ಸಿಗತ್ತಾ?” ಎಂದ.

“ಸೋಸಿಟ್ಟಿದಾರೆ,” ಎಂದಳು ಅವಳು. “ಆರೋದ್ರೊಳಗೆ ಬನ್ನಿ.”